ಅಂಬಾಸಿಡರ್‌ಗೆ ತಂಪು ಗಾಳಿಯ ದಾರಿ: ಗಾಡಿಯ ಮೈಗೆ ಒಂದು ತೂತೂ ಕೊರೆಯದೆ ಏರ್ ಇಂಟೇಕ್ ಕಟ್ಟುವ ಬಗೆ

ಪೆಟ್ರೋಲ್ ಅಂಬಾಸಿಡರ್‌ನ ಬಾನೆಟ್ ಎತ್ತಿ ಎಡಗಡೆ ನಿಂತು ನೋಡಿದರೆ, ಬೇಸಿಗೆಯ ಮಧ್ಯಾಹ್ನ ಈ ಗಾಡಿಯ ಪಿಕಪ್ ಯಾಕೆ ಕುಂದುತ್ತದೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇದರ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬಕ್ಕೆ ಸೇರಿದ್ದು. ಆ ವಿನ್ಯಾಸದಲ್ಲಿ ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡ್ (ಕವಲು ಕೊಳವೆ) ಮತ್ತು ಹೊಗೆ ಹೊರಗೆ ಬರುವ ಮ್ಯಾನಿಫೋಲ್ಡ್ ಎರಡೂ ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕೂತಿರುವುದು ಕಾದ ಎರಕದ ಕಬ್ಬಿಣದ ನೆತ್ತಿಯ ಮೇಲೆ. ಏರ್ ಫಿಲ್ಟರ್ ಇರುವುದು ಅದಕ್ಕಿಂತ ಒಂದು ಗೇಣು ಮೇಲೆ ಅಥವಾ ಪಕ್ಕದಲ್ಲಿ. ರೇಡಿಯೇಟರ್ ದಾಟಿ ಬಂದ ಬಿಸಿಗಾಳಿಯನ್ನು ಫ್ಯಾನು ನೇರವಾಗಿ ಅದೇ ಜಾಗಕ್ಕೆ ತಳ್ಳುತ್ತದೆ. ಹೊರಗಿನ ತಂಪು ಗಾಳಿಯನ್ನು ಈ ಬಿಸಿಯ ನಡುವೆ ಹಾಯಿಸಿ ಕಾರ್ಬುರೇಟರ್ ಬಾಯಿಗೆ ಮುಟ್ಟಿಸುವುದು ಹೇಗೆ, ಅದೂ ಮೂಲ ಗಾಡಿಗೆ ಯಾವ ಗಾಯವೂ ಆಗದಂತೆ ಮಾಡುವುದು ಹೇಗೆ ಎಂಬುದನ್ನು ಈ ಮಾರ್ಗದರ್ಶಿಯಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಇದೇ ಕ್ರಮವನ್ನು ಹಳೆಯ ಜೀಪಿಗೋ ಬೇರೆ ಕಾರ್ಬುರೇಟರ್ ಕಾರಿಗೋ ಹೊಂದಿಸಿಕೊಳ್ಳಬಹುದು. ಅಳತೆಗಳು ಮಾತ್ರ ಬದಲಾಗುತ್ತವೆ.

ಎಷ್ಟು ಲಾಭ ನಿರೀಕ್ಷಿಸಬೇಕು

ಹೊರಗಿನ ಗಾಳಿ 35 ಡಿಗ್ರಿ ಇದ್ದು, ಬಾನೆಟ್ ಒಳಗೆ ಫಿಲ್ಟರ್ ಎಳೆದುಕೊಳ್ಳುವ ಗಾಳಿ 65 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಗಾಳಿಯ ಸಾಂದ್ರತೆ ಅದರ ನಿರಪೇಕ್ಷ ತಾಪಮಾನಕ್ಕೆ ವಿಲೋಮವಾಗಿ ಬದಲಾಗುತ್ತದೆ. ಹಾಗಾಗಿ 308 ಕೆಲ್ವಿನ್ನನ್ನು 338 ಕೆಲ್ವಿನ್‌ನಿಂದ ಭಾಗಿಸಿದರೆ 0.91 ಬರುತ್ತದೆ, ಅಂದರೆ ಸಿಲಿಂಡರಿಗೆ ಹೋಗುವ ಗಾಳಿಯ ತೂಕದಲ್ಲಿ ಸುಮಾರು ಶೇ. 9ರಷ್ಟು ಖೋತಾ. ಪೂರ್ತಿ ಆಕ್ಸಿಲರೇಟರ್ ಒತ್ತಿ ಘಾಟಿ ಹತ್ತುವಾಗ ಈ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಅರ್ಧ ಥ್ರಾಟಲ್‌ನಲ್ಲಿ ಹೋಗುವಾಗ ತಿಳಿಯುವುದಿಲ್ಲ, ಏಕೆಂದರೆ ಆಗ ಗಾಳಿಯನ್ನು ತಡೆಯುತ್ತಿರುವುದು ಥ್ರಾಟಲ್ ತಟ್ಟೆಯೇ. ಐವತ್ತು ಅಶ್ವಶಕ್ತಿಯ ಆಸುಪಾಸಿನ ಈ ಎಂಜಿನ್ನಿನಿಂದ ಹೊಸ ಕಾರಿನ ಓಟವನ್ನು ಯಾರೂ ಬಯಸಬಾರದು. ನಿಜವಾದ ಲಾಭ ಬೇರೆ ಕಡೆ ಇದೆ. ಬೆಳಿಗ್ಗೆ ಒಂದು ಬಗೆ, ಮಧ್ಯಾಹ್ನ ಟ್ರಾಫಿಕ್‌ನಲ್ಲಿ ಇನ್ನೊಂದು ಬಗೆ ಎಂದು ಬದಲಾಗುತ್ತಿದ್ದ ಗಾಳಿ-ಪೆಟ್ರೋಲ್ ಮಿಶ್ರಣ ದಿನವಿಡೀ ಹೆಚ್ಚುಕಡಿಮೆ ಒಂದೇ ಆಗಿ ಉಳಿಯುತ್ತದೆ, ಬೇಸಿಗೆಯಲ್ಲಿ ಏರುದಾರಿಯ ನಾಕಿಂಗ್ (ಎಂಜಿನ್ನಿನ ಟಕಟಕ ಬಡಿತ) ತಗ್ಗುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನ ಐಡ್ಲಿಂಗ್ ನಡುಗುವುದು ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಸಿಗುವ ಕೆಂಪು ಕೋನ್ ಫಿಲ್ಟರನ್ನು ಕಾರ್ಬುರೇಟರ್ ಬಾಯಿಗೆ ನೇರವಾಗಿ ಸಿಕ್ಕಿಸಿದರೆ ಸದ್ದು ಜೋರಾಗುತ್ತದೆ, ಅಷ್ಟೇ. ಅದು ಎಳೆದುಕೊಳ್ಳುವುದು ಅದೇ ಕಾದ ಗಾಳಿಯನ್ನು. ಎಷ್ಟೋ ಒಳ್ಳೆಯ ಅಂಬಾಸಿಡರ್‌ಗಳಲ್ಲಿ ಮೂಲ ಫಿಲ್ಟರ್ ಡಬ್ಬಿ ಗುಜರಿಗೆ ಹೋಗಿ, ಆ ಜಾಗದಲ್ಲಿ ಇಂಥ ಕೋನ್ ಕೂತಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೊರೆಯಬಾರದು ಎಂಬ ನಿಯಮ ಏಕೆ

ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರದ ಗಾಡಿಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಅರವತ್ತು, ಎಪ್ಪತ್ತರ ದಶಕದ ಅಂಬಾಸಿಡರ್‌ಗಳಲ್ಲಿ ಅನೇಕವು ಈಗಾಗಲೇ ಈ ವಯಸ್ಸಿಗೆ ಬಂದಿವೆ, ಉಳಿದವು ಬರುತ್ತಿವೆ. ಒಳಗಿನ ತಗಡಿಗೆ ಮೂರಂಗುಲದ ತೂತು ಕೊರೆದವರು ಮುಂದೆ ಅದನ್ನು ಮುಚ್ಚಿಸಲು ಪಡುವ ಪಾಡಿಗಿಂತ, ಮೊದಲೇ ಇರುವ ಸಂದಿನಲ್ಲಿ ಪೈಪು ಹಾಯಿಸುವ ದಾರಿ ಹುಡುಕುವುದು ಲೇಸು. ಇಲ್ಲಿ ಹೇಳುವ ಪ್ರತಿಯೊಂದು ಭಾಗವೂ ಗಾಡಿಯಲ್ಲಿ ಈಗಾಗಲೇ ಇರುವ ಬೋಲ್ಟು, ಸ್ಟಡ್ಡುಗಳಿಗೇ ಬಿಗಿಯಾಗುತ್ತದೆ. ಸ್ಪ್ಯಾನರ್ ಹಿಡಿದು ಒಂದು ಗಂಟೆಯಲ್ಲಿ ಎಲ್ಲವನ್ನೂ ಬಿಚ್ಚಿ, ಗಾಡಿಯನ್ನು ಕಾರ್ಖಾನೆಯಿಂದ ಬಂದ ರೂಪಕ್ಕೆ ಮರಳಿಸಬಹುದು.

ಮೊದಲ ಹಂತ: ಇರುವುದನ್ನು ಅಳೆಯುವುದು

ಅಳೆಯದೆ ಕೆಲಸ ಶುರು ಮಾಡಿದರೆ ಕೊನೆಯಲ್ಲಿ ಸುಧಾರಿಸಿತೋ ಇಲ್ಲವೋ ಎಂಬುದು ಬರೀ ಭಾವನೆಯ ಮಾತಾಗುತ್ತದೆ. ತಾಪಮಾನ ತೋರಿಸುವ ಮಲ್ಟಿಮೀಟರ್ ಮತ್ತು ಅದರ ಜೊತೆ ಬರುವ, ತಾಪ ಗ್ರಹಿಸುವ ಕೆ-ಟೈಪ್ ಥರ್ಮೋಕಪಲ್ ತಂತಿ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ ಅಂಗಡಿಗಳ ಬೀದಿಯಲ್ಲಿ ಸುಲಭವಾಗಿ ಸಿಗುತ್ತದೆ. ತಂತಿಯ ತುದಿಯನ್ನು ಫಿಲ್ಟರ್ ಗಾಳಿ ಎಳೆದುಕೊಳ್ಳುವ ಮೂತಿಯ ಹೊರಗಡೆ, ಲೋಹಕ್ಕೆ ತಾಗದಂತೆ, ಟೇಪಿನಿಂದ ಹಿಡಿಸಿ. ತುದಿ ಒಳಗೆ ಕಳಚಿ ಬೀಳುವ ಸಾಧ್ಯತೆ ಇರಲೇಬಾರದು. ನಂತರ ನಾಲ್ಕು ಸಂದರ್ಭಗಳಲ್ಲಿ ಓದಿ ಬರೆದುಕೊಳ್ಳಿ: ಕಾದ ಎಂಜಿನ್ ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ನಿಂತಾಗ, ಟ್ರಾಫಿಕ್‌ನಲ್ಲಿ ತೆವಳುವಾಗ, ಗಂಟೆಗೆ 60 ಕಿ.ಮೀ. ವೇಗದಲ್ಲಿ, ಮತ್ತು ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದಾಗ. ಪ್ರತಿ ಬಾರಿಯೂ ಹೊರಗಿನ ತಾಪಮಾನವನ್ನು ಪಕ್ಕದಲ್ಲಿ ಬರೆಯಿರಿ, ಏಕೆಂದರೆ ನಮಗೆ ಬೇಕಾದದ್ದು ಎರಡರ ನಡುವಿನ ಅಂತರ.

ಎರಡನೆಯ ಅಳತೆ ಗಾಳಿಯ ತಡೆಯದು. ಪಾರದರ್ಶಕ ಪಿವಿಸಿ ನಳಿಕೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಒಂದು ಹಲಗೆಗೆ ಕಟ್ಟಿ, ಅರ್ಧಕ್ಕೆ ಬಣ್ಣದ ನೀರು ತುಂಬಿ. ಒಂದು ತುದಿ ಬಯಲಿಗೆ ತೆರೆದಿರಲಿ, ಇನ್ನೊಂದನ್ನು ಫಿಲ್ಟರ್ ಮತ್ತು ಕಾರ್ಬುರೇಟರ್ ನಡುವಿನ ಜಾಗಕ್ಕೆ ಜೋಡಿಸಿ. ಎಂಜಿನ್ ಎಳೆದಷ್ಟೂ ಎರಡು ಕಡೆಯ ನೀರಿನ ಮಟ್ಟ ಬೇರೆಯಾಗುತ್ತದೆ. ಆ ಅಂತರವನ್ನು ಮಿಲಿಮೀಟರಿನಲ್ಲಿ ಗುರುತು ಹಾಕಿಕೊಳ್ಳಿ. ನೀರು ಎಂಜಿನ್ನಿಗೆ ಹೋಗದಂತೆ ನಳಿಕೆಯ ಎರಡು ಕೈಗಳೂ ಒಂದೊಂದು ಮೀಟರ್ ಎತ್ತರ ಇರಬೇಕು. ಗಾಡಿ ಓಡಿಸುವವರು ಒಬ್ಬರು, ಓದುವವರು ಇನ್ನೊಬ್ಬರು. ಒಬ್ಬರೇ ಎರಡನ್ನೂ ಮಾಡಲು ಹೋಗಬೇಡಿ.

ಎರಡನೆಯ ಹಂತ: ತಂಪು ಗಾಳಿ ಇರುವ ಜಾಗ

ರೇಡಿಯೇಟರಿನ ಮುಂದೆ, ಗ್ರಿಲ್‌ನ ಹಿಂದೆ ಇರುವ ಗಾಳಿಯೇ ಬಾನೆಟ್ ಒಳಗಿನ ಅತಿ ತಂಪು ಗಾಳಿ. ಕಾರ್ಬುರೇಟರ್ ಎಡಗಡೆ ಇರುವುದರಿಂದ ನಮ್ಮ ದಾರಿ ರೇಡಿಯೇಟರಿನ ಎಡ ಪಕ್ಕದಿಂದ ಹಾದು ಗ್ರಿಲ್ ಹಿಂದಕ್ಕೆ ತಲುಪಬೇಕು. ರೇಡಿಯೇಟರಿನ ಅಂಚು ಮತ್ತು ಎಡ ಮಡ್‌ಗಾರ್ಡ್ ನಡುವಿನ ಸಂದು, ರೇಡಿಯೇಟರ್ ಹಿಡಿಯುವ ತಗಡಿನಲ್ಲಿ ಮೊದಲೇ ಇರುವ ಕಿಂಡಿ ಇವೆಲ್ಲವನ್ನೂ ಟಾರ್ಚ್ ಹಿಡಿದು ಪರೀಕ್ಷಿಸಿ. ಮಾಡೆಲಿನಿಂದ ಮಾಡೆಲಿಗೆ, ಹಿಂದೆ ಡಿಕ್ಕಿ ಹೊಡೆದು ರಿಪೇರಿಯಾದ ಗಾಡಿಯಲ್ಲಂತೂ ಗಾಡಿಯಿಂದ ಗಾಡಿಗೆ, ಈ ಸಂದು ಬದಲಾಗುತ್ತದೆ. ದುಂಡು ಪೈಪು ಹಿಡಿಸದಿದ್ದರೆ ಅಷ್ಟೇ ಅಡ್ಡಕೊಯ್ತದ ಚಪ್ಪಟೆ ತಗಡಿನ ನಾಳವನ್ನು ಆ ಜಾಗಕ್ಕೆ ಮಾತ್ರ ಮಾಡಿಸಬಹುದು.

ಪೈಪಿನ ಬಾಯಿಯನ್ನು ನೇರವಾಗಿ ಮುಂದಕ್ಕೆ ತಿರುಗಿಸಿ ಗಾಳಿಯನ್ನು ಬಲವಾಗಿ ನುಗ್ಗಿಸುವ ಆಸೆ ಅನೇಕರಿಗಿರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿ ತಳ್ಳುವ ಒತ್ತಡ ನೀರಿನ ಕಂಬದಲ್ಲಿ ಸುಮಾರು 45 ಮಿ.ಮೀ. ಮಾತ್ರ, ಶಕ್ತಿ ಹೆಚ್ಚಿಸಲು ಅದು ಏನೇನೂ ಸಾಲದು, ಆದರೆ ಕಾರ್ಬುರೇಟರನ್ನು ಕೆಡಿಸಲು ಧಾರಾಳ ಸಾಕು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ಗಾಳಿ ರಂಧ್ರ ಹೊರಗೆ ಬಾನೆಟ್ ಕೆಳಗಿದ್ದು, ಕಾರ್ಬುರೇಟರ್ ಬಾಯಲ್ಲಿ ಮಾತ್ರ ಒತ್ತಡ ಏರಿದರೆ, ಪೆಟ್ರೋಲನ್ನು ಮೇಲಕ್ಕೆಳೆಯುವ ವ್ಯತ್ಯಾಸ ತಗ್ಗಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಅದರಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಅದೂ ವೇಗ ಹೆಚ್ಚಿದಂತೆಲ್ಲ ಹೆಚ್ಚು ಲೀನ್ ಆಗುತ್ತದೆ. ಆದ್ದರಿಂದ ಬಾಯಿಯನ್ನು ಗ್ರಿಲ್‌ಗೆ ಅಡ್ಡವಾಗಿ, ಪಕ್ಕಕ್ಕೆ ತಿರುಗಿಸಿ ಇಡಿ. ನೇರವಾಗಿ ಬಡಿಯುವ ಮಳೆನೀರನ್ನೂ ಇದು ತಪ್ಪಿಸುತ್ತದೆ. ಎತ್ತರದ ವಿಷಯದಲ್ಲಿ ರಾಜಿ ಬೇಡ: ಬಾಯಿ ಹೆಡ್‌ಲೈಟಿನ ನಡುಮಟ್ಟಕ್ಕಿಂತ ಕೆಳಗೆ ಇಳಿಯಕೂಡದು. ಬಂಪರ್ ಕೆಳಗೆ ಗಾಳಿ ಇನ್ನೂ ತಂಪಾಗಿದೆಯೆಂದು ಅಲ್ಲಿಗೆ ಪೈಪು ಇಳಿಸಿದ ಗಾಡಿ, ನೀರು ನಿಂತ ಒಂದು ಅಂಡರ್‌ಪಾಸಿನಲ್ಲಿ ನೀರನ್ನೇ ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗಿಸಿಕೊಂಡೀತು. ನೀರನ್ನು ಗಾಳಿಯಂತೆ ಅದುಮಿ ಕುಗ್ಗಿಸಲಾಗುವುದಿಲ್ಲ.

ಮೂರನೆಯ ಹಂತ: ಪೈಪಿನ ಗಾತ್ರ

ದೊಡ್ಡ ಪೈಪು ಒಳ್ಳೆಯದೆಂಬ ನಂಬಿಕೆ ಬಿಟ್ಟು ಲೆಕ್ಕ ಹಾಕೋಣ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತದೆ. 1.489 ಲೀಟರನ್ನು ಎರಡರಿಂದ ಭಾಗಿಸಿ, 4500 ಆರ್‌ಪಿಎಂನಿಂದ ಗುಣಿಸಿ, ಇಂಥ ಎಂಜಿನ್ನಿಗೆ ಶೇ. 75ರಷ್ಟು ತುಂಬುವಿಕೆ ಹಿಡಿದರೆ ನಿಮಿಷಕ್ಕೆ ಸುಮಾರು 2500 ಲೀಟರ್, ಅಂದರೆ ಸೆಕೆಂಡಿಗೆ 42 ಲೀಟರ್ ಆಗುತ್ತದೆ. ಒಳವ್ಯಾಸ 50 ಮಿ.ಮೀ. ಇರುವ ಪೈಪಿನಲ್ಲಿ ಈ ಗಾಳಿ ಸೆಕೆಂಡಿಗೆ 21 ಮೀಟರ್ ವೇಗದಲ್ಲಿ ಓಡುತ್ತದೆ, 63 ಮಿ.ಮೀ. ಪೈಪಿನಲ್ಲಿ 13ರಿಂದ 14 ಮೀಟರ್. ನಾಲ್ಕು ಸಿಲಿಂಡರುಗಳು ಒಂದೇ ಕಾರ್ಬುರೇಟರಿನಿಂದ ಎಳೆಯುವುದರಿಂದ ಗಾಳಿ ಬಿಟ್ಟುಬಿಟ್ಟು ಮಿಡಿಯುತ್ತದೆ, ಬಾಗುಗಳ ತಡೆಯೂ ಸೇರುತ್ತದೆ. ಹಾಗಾಗಿ 63 ಮಿ.ಮೀ. ಸರಿಯಾದ ಆಯ್ಕೆ. 75 ಮಿ.ಮೀ.ಗೆ ಹೋದರೆ ಸಂದಿನಲ್ಲಿ ತೂರುವುದು ಕಷ್ಟವಾಗುತ್ತದೆಯೇ ಹೊರತು ಎಂಜಿನ್ನಿಗೆ ಬೇರೆ ಉಪಯೋಗವಿಲ್ಲ.

ಐಡ್ಲಿಂಗ್‌ನಲ್ಲಿ ಇದೇ ಪೈಪಿನೊಳಗೆ ಗಾಳಿ ಸೆಕೆಂಡಿಗೆ ಒಂದು ಮೀಟರ್‌ಗಿಂತಲೂ ನಿಧಾನವಾಗಿ ತೆವಳುತ್ತದೆ. ಹೆದ್ದಾರಿಯಲ್ಲಿ ಒಂದು ಮೀಟರ್ ಪೈಪನ್ನು ಸೆಕೆಂಡಿನ ಹತ್ತನೇ ಒಂದೆರಡು ಭಾಗದಷ್ಟು ಹೊತ್ತಿನಲ್ಲಿ ದಾಟುವ ಗಾಳಿಗೆ ಬಿಸಿಯಾಗಲು ವ್ಯವಧಾನವೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಅದು ಪೈಪಿನ ಗೋಡೆಯಿಂದ ಶಾಖ ಹೀರುತ್ತ ಬರುತ್ತದೆ. ಪೈಪಿಗೆ ಶಾಖನಿರೋಧಕ ಸುತ್ತುವುದು ಅಂದಕ್ಕಾಗಿ ಮಾಡುವ ಕೆಲಸವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹೊಳೆಯುವ ಅಲ್ಯೂಮಿನಿಯಂ ಪೈಪನ್ನು ಮುಚ್ಚಲು ಮನಸ್ಸು ಬಾರದಿದ್ದರೂ ಮುಚ್ಚಲೇಬೇಕು.

ನಾಲ್ಕನೆಯ ಹಂತ: ರಟ್ಟಿನ ಅಚ್ಚು ಮತ್ತು ಚಪಾತಿ ಹಿಟ್ಟಿನ ಉಂಡೆಗಳು

ಲೋಹಕ್ಕೆ ಕೈ ಹಾಕುವ ಮೊದಲು ಇಡೀ ವ್ಯವಸ್ಥೆಯನ್ನು ರಟ್ಟಿನಲ್ಲಿ ಕಟ್ಟಿ. ಫ್ರಿಜ್ ಬಂದ ಡಬ್ಬದ ದಪ್ಪ ರಟ್ಟು ಫಿಲ್ಟರ್ ಕೂರುವ ಪೆಟ್ಟಿಗೆಗೆ, ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತುವ ರಟ್ಟಿನ ಕೊಳವೆ ಪೈಪಿಗೆ, ಬಾಗುಗಳಿಗೆ ದಪ್ಪ ಕಟ್ಟುತಂತಿ. ಈ ಹಂತಕ್ಕೆ ಎರಡು ಭಾನುವಾರ ಹೋದರೂ ನಷ್ಟವಿಲ್ಲ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದ್ದು, ಆಕ್ಸಿಲರೇಟರ್ ಒತ್ತಿದಾಗ ಪಕ್ಕಕ್ಕೆ ವಾಲುತ್ತದೆ; ಬಾಡಿ ಮಾತ್ರ ಅಲ್ಲಾಡುವುದಿಲ್ಲ. ಆದ್ದರಿಂದ ಎಂಜಿನ್ನಿಗೆ ಬಿಗಿದ ಭಾಗಕ್ಕೂ ಬಾಡಿಗೆ ಬಿಗಿದ ಭಾಗಕ್ಕೂ ನಡುವೆ 25 ಮಿ.ಮೀ. ಅಂತರ ಮತ್ತು ಬಳುಕುವ ಒಂದು ರಬ್ಬರ್ ತುಂಡು ಇರಲೇಬೇಕು. ಫ್ಯಾನಿನ ರೆಕ್ಕೆಯಿಂದ ಕನಿಷ್ಠ 30 ಮಿ.ಮೀ. ದೂರವಿರಲಿ.

ಬಾನೆಟ್ ಮುಚ್ಚಿದಾಗ ಎಷ್ಟು ಜಾಗ ಉಳಿಯುತ್ತದೆಂದು ಕಣ್ಣಳತೆಯಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ. ಅದಕ್ಕೆ ಚಪಾತಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ನಿಂಬೆ ಗಾತ್ರದ ಉಂಡೆಗಳನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯ ನಾಲ್ಕು ಮೂಲೆ ಮತ್ತು ನಡುವೆ ಇಡಿ. ಬಾನೆಟನ್ನು ಮೆಲ್ಲಗೆ ಇಳಿಸಿ ಲಾಕ್ ಬೀಳುವವರೆಗೆ ಒತ್ತಿ, ಮತ್ತೆ ಎತ್ತಿ. ಉಂಡೆಗಳು ಬಿಲ್ಲೆಗಳಾಗಿರುತ್ತವೆ, ಒಂದೊಂದನ್ನೂ ಬ್ಲೇಡಿನಿಂದ ಅಡ್ಡ ಸೀಳಿ ದಪ್ಪವನ್ನು ಸ್ಕೇಲಿನಿಂದ ಅಳೆಯಿರಿ. ಅತಿ ತೆಳು ಬಿಲ್ಲೆ 15 ಮಿ.ಮೀ. ಇದ್ದರೆ ಆಯಿತು. ಅದಕ್ಕಿಂತ ತೆಳುವಾಗಿದ್ದರೆ ಪೆಟ್ಟಿಗೆಯ ಆ ಮೂಲೆಯನ್ನು ತಗ್ಗಿಸಿ ಮತ್ತೊಮ್ಮೆ ಪರೀಕ್ಷಿಸಿ.

ಐದನೆಯ ಹಂತ: ಫಿಲ್ಟರ್ ಪೆಟ್ಟಿಗೆ

ಫಿಲ್ಟರನ್ನು ಮೊದಲು ಆರಿಸಿ, ನಂತರ ಅದರ ಸುತ್ತ ಪೆಟ್ಟಿಗೆ ಕಟ್ಟಿ. 1200ರಿಂದ 1600 ಸಿಸಿ ಎಂಜಿನ್ನಿನ ಈಗಿನ ಕಾರುಗಳಲ್ಲಿ ಬಳಸುವ ಚೌಕಾಕಾರದ ಪೇಪರ್ ಎಲಿಮೆಂಟ್ (ಫಿಲ್ಟರಿನ ಸೋಸುವ ಭಾಗ) ನಮಗೆ ಸರಿಯಾಗಿ ಹೊಂದುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗುತ್ತದೆ, ತಾಲ್ಲೂಕು ಕೇಂದ್ರದ ಸ್ಪೇರ್ಸ್ ಅಂಗಡಿಯಲ್ಲೂ ಸಿಗುತ್ತದೆ. ಎಣ್ಣೆ ಹಚ್ಚುವ ಹತ್ತಿಯ ಅಥವಾ ಸ್ಪಂಜಿನ ಫಿಲ್ಟರಿಗಿಂತ ನಮ್ಮ ಧೂಳಿಗೆ ಪೇಪರೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಪೆಟ್ಟಿಗೆಯ ಒಳಗಾತ್ರ ಎಂಜಿನ್ನಿನ ಗಾತ್ರದ ಎರಡರಷ್ಟಾದರೂ ಇರಲಿ. 250 ಮಿ.ಮೀ. ಉದ್ದ, 160 ಅಗಲ, 100 ಎತ್ತರವೆಂದರೆ ನಾಲ್ಕು ಲೀಟರ್ ಆಗುತ್ತದೆ. ಮಿಡಿಯುವ ಗಾಳಿಯನ್ನು ಸಮಾಧಾನಗೊಳಿಸಲು ಅಷ್ಟು ಸಾಕು. 1.5 ಮಿ.ಮೀ. ಅಲ್ಯೂಮಿನಿಯಂ ಹಾಳೆಯಲ್ಲಿ ಎರಡು ಅರೆಗಳಾಗಿ ಮಾಡಿಸಿ, ನಡುವೆ ಎಲಿಮೆಂಟಿನ ರಬ್ಬರ್ ಅಂಚು ಕೂರುವಂತೆ ಚಾಚು ಬಿಡಿಸಿ. ರಟ್ಟಿನ ಮಾದರಿಯನ್ನೇ ತಗಡು ಕೆಲಸದ ಮೇಸ್ತ್ರಿಗೆ ಕೊಟ್ಟರೆ ಮಾತಿನಲ್ಲಿ ವಿವರಿಸುವ ಶ್ರಮ ಉಳಿಯುತ್ತದೆ. ಮೂಲೆಗಳನ್ನು ಆರ್ಗಾನ್ ವೆಲ್ಡಿಂಗ್ ಮಾಡಿಸಿ. ಫಿಲ್ಟರ್ ದಾಟಿದ ಮೇಲಿನ ಶುದ್ಧ ಗಾಳಿಯ ಕಡೆಯಲ್ಲಿ ಒಂದೇ ಒಂದು ಪಾಪ್ ರಿವೆಟ್ಟೂ ಇರಬಾರದು, ಒಳಮುಖವಾದ ನಟ್ಟೂ ಇರಬಾರದು. ರಿವೆಟ್ಟಿನ ಒಳಗೆ ಉಳಿಯುವ ಮೊಳೆಯ ತಲೆ ವರ್ಷಗಳ ಅದುರಿಗೆ ಸಡಿಲವಾಗಿ ಬಿದ್ದರೆ ಅದರ ಮುಂದಿನ ದಾರಿ ಕಾರ್ಬುರೇಟರ್, ನಂತರ ವಾಲ್ವು. ನಟ್ಟುಗಳನ್ನೆಲ್ಲ ಹೊರಮೈಗೆ ವೆಲ್ಡ್ ಮಾಡಿಸಿ ಬೋಲ್ಟು ಹೊರಗಿನಿಂದ ಬರುವಂತೆ ನೋಡಿಕೊಳ್ಳಿ. ಕೊಳಕು ಗಾಳಿಯ ಕಡೆಯ ತಳದಲ್ಲಿ, ಅತಿ ತಗ್ಗಿನ ಮೂಲೆಯಲ್ಲಿ, 5 ಮಿ.ಮೀ. ತೂತು ಬಿಡಿಸಿ, ಒಳಬಂದ ಮಳೆಹನಿ ಅಲ್ಲಿಂದ ಜಾರಿಹೋಗುತ್ತದೆ.

ಎಂಜಿನ್ನಿನ ನೆತ್ತಿಯ ಮುಚ್ಚಳವಾದ ರಾಕರ್ ಕವರಿನಿಂದ ಮೂಲ ಫಿಲ್ಟರಿಗೆ ಬರುತ್ತಿದ್ದ ಉಸಿರುಕೊಳವೆಯನ್ನು ಮರೆಯುವವರೇ ಹೆಚ್ಚು. ಅದನ್ನು ಮುಚ್ಚಿಬಿಟ್ಟರೆ ಎಂಜಿನ್ನಿನ ಕೆಳಭಾಗದ ಕ್ರಾಂಕ್‌ಕೇಸಿನಲ್ಲಿ ಒತ್ತಡ ಏರಿ ಎಣ್ಣೆ ಸಿಕ್ಕಸಿಕ್ಕ ಸೀಲುಗಳಿಂದ ಜಿನುಗುತ್ತದೆ. ಬಯಲಿಗೆ ತೆರೆದಿಟ್ಟರೆ ಧೂಳು ನೇರವಾಗಿ ಎಂಜಿನ್ ಎಣ್ಣೆಗೆ ಸೇರುತ್ತದೆ. ಪೆಟ್ಟಿಗೆಯ ಶುದ್ಧ ಗಾಳಿಯ ಕಡೆಯಲ್ಲಿ ಆ ಕೊಳವೆಯ ಅಳತೆಗೆ ಸರಿಯಾದ ಒಂದು ಮೂತಿಯನ್ನು ವೆಲ್ಡ್ ಮಾಡಿಸಿ ಅದಕ್ಕೆ ಜೋಡಿಸಿ.

ಆರನೆಯ ಹಂತ: ಕಾರ್ಬುರೇಟರಿನ ಬಾಯಿ

ಕೆಲವು ಅಂಬಾಸಿಡರ್‌ಗಳಲ್ಲಿ ಎಸ್‌ಯು ಕಾರ್ಬುರೇಟರ್ ಇದೆ, ಮುಂದೆ ಬಂದವುಗಳಲ್ಲಿ ಸೋಲೆಕ್ಸ್. ಎಸ್‌ಯು ಬಾಯಿ ಪಕ್ಕಕ್ಕೆ ತೆರೆಯುತ್ತದೆ, ಸೋಲೆಕ್ಸಿನದು ಮೇಲಕ್ಕೆ. ಎರಡಕ್ಕೂ ಲೇತಿನಲ್ಲಿ ಅಲ್ಯೂಮಿನಿಯಂ ಅಡಾಪ್ಟರ್ ತಿರುವಿಸಬೇಕು. ಅದರ ಒಳಅಂಚು ಚೂಪಾಗಿರದೆ, ಕಹಳೆಯ ಬಾಯಂತೆ ಹತ್ತು ಹನ್ನೆರಡು ಮಿ.ಮೀ. ತ್ರಿಜ್ಯದಲ್ಲಿ ಅರಳಿರಬೇಕು, ಚೂಪು ಅಂಚಿನಲ್ಲಿ ಗಾಳಿ ಸುಳಿಯಾಗಿ ಒಡೆಯುತ್ತದೆ. ಎಸ್‌ಯು ಇದ್ದವರು ಒಂದು ಸೂಕ್ಷ್ಮವನ್ನು ಹತ್ತಿರದಿಂದ ನೋಡಲೇಬೇಕು. ಬಾಯಿಯ ಚಪ್ಪಟೆ ಮುಖದಲ್ಲಿ ಎರಡು ಬೋಲ್ಟು ತೂತುಗಳಲ್ಲದೆ ಪುಟ್ಟ ಗಾಳಿ ರಂಧ್ರಗಳಿರುತ್ತವೆ. ಕಾರ್ಬುರೇಟರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನಿನ ಅಡಿಗೆ ಗಾಳಿ ಹೋಗುವುದು ಅಲ್ಲಿಂದ. ಸಂದು ಮುಚ್ಚುವ ಪ್ಯಾಕಿಂಗನ್ನು ತಲೆಕೆಳಗಾಗಿ ಹಾಕಿದರೂ, ಅಡಾಪ್ಟರಿನಲ್ಲಿ ಅದಕ್ಕೆ ಎದುರಾಗಿ ಕಂಡಿ ಬಿಡದಿದ್ದರೂ ರಂಧ್ರ ಮುಚ್ಚಿ ಪಿಸ್ಟನ್ ಸರಿಯಾಗಿ ಏಳುವುದಿಲ್ಲ. ಆಗ ಮೆಕ್ಯಾನಿಕ್ ಸೂಜಿ, ಜೆಟ್ಟು (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು), ಪಾಯಿಂಟು ಎಲ್ಲವನ್ನೂ ಬಿಚ್ಚಿ ನೋಡಿದರೂ ದೋಷ ಸಿಗುವುದಿಲ್ಲ.

ಅಡಾಪ್ಟರ್ ಮತ್ತು ಪೈಪಿನ ನಡುವಿನ ಬಳುಕುವ ತುಂಡಿಗೆ ಬಣ್ಣಬಣ್ಣದ ಸಿಲಿಕೋನ್ ಹೋಸ್ ಬೇಡ. ಕಾರ್ಬುರೇಟರ್ ಬಾಯಿಂದ ಹಿಂದಕ್ಕೆ ಚಿಮ್ಮುವ ಪೆಟ್ರೋಲ್ ಆವಿಗೆ ಸಿಲಿಕೋನ್ ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ರಬ್ಬರ್ ತಾಳುತ್ತದೆ. ನಾನು ಮೊದಲ ಸಲ ಮಾಡಿದಾಗ ಮನೆ ಕೊಳಾಯಿಯ ಪಿವಿಸಿ ಪೈಪು ಬಳಸಿದ್ದೆ. ಒಂದು ಬೇಸಿಗೆಯಲ್ಲೇ ಅದು ಮೆತ್ತಗಾಗಿ ಜೋತು, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರಕ್ಕೆ ಇಳಿದಿತ್ತು. ಬಾನೆಟ್ ಎತ್ತಿದಾಗ ಬಂದ ಸುಟ್ಟ ವಾಸನೆಯನ್ನು ಮರೆತಿಲ್ಲ. ಹಳೆಯ ಎಂಜಿನ್ ಕಾರ್ಬುರೇಟರಿನ ಮೂಲಕ ಒಮ್ಮೊಮ್ಮೆ ಬೆಂಕಿ ಉಗುಳುವುದುಂಟು. ಹಾಗಾಗಿ ಕಾರ್ಬುರೇಟರಿನಿಂದ ಪೆಟ್ಟಿಗೆಯವರೆಗಿನ ಪೈಪು ಲೋಹದ್ದೇ ಆಗಿರಲಿ. ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಲ್ಲದಿದ್ದರೆ ಈ ಕೆಲಸಕ್ಕಿಂತ ಮೊದಲು ಅದನ್ನು ತನ್ನಿ.

ಏಳನೆಯ ಹಂತ: ಶಾಖಕ್ಕೆ ಅಡ್ಡ ತಗಡು

ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಶಾಖ ಹಾಯಿಸದ ಬೇಕಲೈಟ್ ತುಂಡು, ಅದರ ಎರಡು ಬದಿ ಪ್ಯಾಕಿಂಗ್, ಆ ಪದರಗಳ ನಡುವೆಯೇ ಸಿಕ್ಕಿಸಿದ 1.5 ಮಿ.ಮೀ. ಅಲ್ಯೂಮಿನಿಯಂ ತಗಡು. ಇದೇ ಬಿ-ಸೀರೀಸ್ ಕುಟುಂಬದ ಎಂಜಿನ್ ಇದ್ದ ಬ್ರಿಟನ್ನಿನ ಎಂಜಿಬಿ ಕಾರಿನಲ್ಲಿ ತಯಾರಕರೇ ಇಂಥ ತಗಡು ಕೊಟ್ಟಿದ್ದರು. ನಾವು ಅದೇ ಉಪಾಯವನ್ನು ಅನುಸರಿಸುತ್ತೇವೆ. ತಗಡು ಎಕ್ಸಾಸ್ಟಿನಿಂದ 15 ಮಿ.ಮೀ.ನಷ್ಟು ದೂರವಿದ್ದು, ಫ್ಲೋಟ್ ಚೇಂಬರಿನ ಅಡಿಯವರೆಗೆ ಚಾಚಿರಬೇಕು. ಎಂಜಿನ್ ಆರಿಸಿದ ಮೇಲೆ ಪೆಟ್ರೋಲ್ ಕುದಿದು ಆವಿಯಾಗಿ ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುವ ಕಾಯಿಲೆಗೆ ಪೈಪಿಗಿಂತ ಈ ತಗಡೇ ಹೆಚ್ಚು ಗುಣಕಾರಿ. ಬರೀ ಒಂದು ಕೆಲಸ ಮಾಡಲು ಸಮಯವಿದೆ ಎನ್ನುವವರು ಇದನ್ನೇ ಮಾಡಲಿ. ಬೇಕಲೈಟ್ ತುಂಡಿನಿಂದ ಕಾರ್ಬುರೇಟರ್ ಹೊರಕ್ಕೆ ಸರಿಯುವುದರಿಂದ ಸ್ಟಡ್ಡಿನ ಉದ್ದ ಮತ್ತು ಆಕ್ಸಿಲರೇಟರ್ ರಾಡಿನ ಹೊಂದಿಕೆಯನ್ನು ಮತ್ತೆ ಪರೀಕ್ಷಿಸಬೇಕು. ಪೆಡಲ್ ಬಿಟ್ಟಾಗ ಥ್ರಾಟಲ್ ಪೂರ್ತಿ ಮುಚ್ಚಲೇಬೇಕು.

ಎಂಟನೆಯ ಹಂತ: ಜೋಡಣೆ ಮತ್ತು ಸೋರಿಕೆ ಪರೀಕ್ಷೆ

ಪ್ರತಿ ಭಾಗವನ್ನೂ ಸೋಪು ನೀರಿನಲ್ಲಿ ತೊಳೆದು, ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಲೋಹದ ಪುಡಿ ಅಂಟುವುದು ನಿಲ್ಲುವವರೆಗೂ ತೊಳೆಯುತ್ತಲೇ ಇರಿ. ರಾತ್ರಿ ಕತ್ತಲಲ್ಲಿ, ಇನ್ನೂ ಗಾಡಿಗೆ ಹಾಕದ ಪೆಟ್ಟಿಗೆಯೊಳಗೆ ಉರಿಯುವ ಟಾರ್ಚ್ ಇಟ್ಟು ಮುಚ್ಚಿ ಸುತ್ತಲೂ ನೋಡಿ. ಬೆಳಕು ಇಣುಕುವ ಕಡೆ ಧೂಳೂ ಇಣುಕುತ್ತದೆ. ಜೋಡಿಸಿದ ಮೇಲೆ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪೈಪಿನ ಬಾಯಿಯನ್ನು ರಬ್ಬರ್ ಹಾಳೆ ಅಂಟಿಸಿದ ಹಲಗೆ ತುಂಡಿನಿಂದ ಒತ್ತಿ ಮುಚ್ಚಿ. ಎಂಜಿನ್ ಬೇಗನೆ ಉಸಿರುಗಟ್ಟಿ ನಿಂತರೆ ಜೋಡಣೆ ಬಿಗಿಯಾಗಿದೆ. ಓಡುತ್ತಲೇ ಇದ್ದರೆ ಎಲ್ಲೋ ಬೇರೆ ಕಡೆಯಿಂದ ಗಾಳಿ ಎಳೆಯುತ್ತಿದೆ. ಸೋರಿಕೆ ಹುಡುಕಲು ಊದುಬತ್ತಿಯ ಹೊಗೆ ಹಿಡಿಯುವ ರೂಢಿ ಕೆಲವು ಕಡೆ ಇದೆ. ಪೆಟ್ರೋಲ್ ಆವಿಯ ಹತ್ತಿರ ಕೆಂಡ ಒಯ್ಯುವ ಆ ಕೆಲಸ ದಯವಿಟ್ಟು ಮಾಡಬೇಡಿ.

ಒಂಬತ್ತನೆಯ ಹಂತ: ಟ್ಯೂನಿಂಗ್

ಇದನ್ನು ಬಿಟ್ಟರೆ ಹಿಂದಿನ ಎಂಟು ಹಂತಗಳೂ ಎಂಜಿನ್ನಿಗೆ ಅಪಾಯವೇ. ಕಾರ್ಬುರೇಟರಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಅನುಪಾತ ಗಾಳಿಯ ಸಾಂದ್ರತೆಯ ವರ್ಗಮೂಲದಂತೆ ಬದಲಾಗುತ್ತದೆ. 65 ಡಿಗ್ರಿಯಿಂದ 35ಕ್ಕೆ ಇಳಿದ ಗಾಳಿ ಸುಮಾರು ಶೇ. 10ರಷ್ಟು ಸಾಂದ್ರವಾದರೆ, ಮಿಶ್ರಣ ಸುಮಾರು ಶೇ. 5ರಷ್ಟು ಲೀನ್ ಆಗುತ್ತದೆ. ಮೊದಲೇ ಲೀನ್ ಅಂಚಿನಲ್ಲಿದ್ದ ಎಂಜಿನ್ನಿಗೆ ಅಷ್ಟು ಸಾಕು ಎಕ್ಸಾಸ್ಟ್ ವಾಲ್ವು ಸುಡಲು. ಸೋಲೆಕ್ಸ್ ಜೆಟ್ಟಿನ ಮೇಲಿನ ಅಂಕಿ ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅದರ ತೂತಿನ ವ್ಯಾಸ. ನಿಮ್ಮದರಲ್ಲಿ 120 ಎಂದಿದ್ದು 122.5 ಹಾಕಿದರೆ ತೂತಿನ ವಿಸ್ತೀರ್ಣ ಶೇ. 4ರಷ್ಟು ಹೆಚ್ಚುತ್ತದೆ, ಹೆಚ್ಚುಕಡಿಮೆ ನಮಗೆ ಬೇಕಾದ ತಿದ್ದುಪಡಿ ಅಷ್ಟೇ. ಇದ್ದ ಜೆಟ್ಟನ್ನು ಡ್ರಿಲ್ಲಿನಿಂದ ದೊಡ್ಡದು ಮಾಡಬೇಡಿ, ಹಿಂದಕ್ಕೆ ಮರಳುವ ದಾರಿ ಮುಚ್ಚುತ್ತದೆ.

ಎಸ್‌ಯುನಲ್ಲಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಪಿಸ್ಟನ್ ಎತ್ತುವ ಪಿನ್ನನ್ನು ಮೆಲ್ಲಗೆ ಒತ್ತಿ, ಪಿಸ್ಟನ್ ಒಂದು ಮಿಲಿಮೀಟರ್‌ಗಿಂತ ತುಸು ಕಡಿಮೆ ಏಳುವಂತೆ ಮಾಡಿ ಕಿವಿಗೊಟ್ಟು ಕೇಳಿ. ಎಂಜಿನ್ ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನಂತಾದರೆ ಮಿಶ್ರಣ ಸರಿಯಾಗಿದೆ. ಏರಿದ್ದು ಏರಿಯೇ ಉಳಿದರೆ ರಿಚ್ (ಪೆಟ್ರೋಲ್ ಹೆಚ್ಚು), ಕುಸಿದು ನಿಲ್ಲುವಂತಾದರೆ ಲೀನ್. ಜೆಟ್ಟಿನ ಅಡಿಯ ನಟ್ಟನ್ನು ಒಂದು ಸಲಕ್ಕೆ ಒಂದು ಮುಖದಷ್ಟು ಮಾತ್ರ ತಿರುಗಿಸಿ ಮತ್ತೆ ಕೇಳಿ. ಇಗ್ನಿಷನ್ ಟೈಮಿಂಗನ್ನು ಈ ಹೊತ್ತಿನಲ್ಲಿ ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಕೊನೆಗೆ ಹೊಗೆ ತಪಾಸಣೆ ಕೇಂದ್ರಕ್ಕೆ ಹೋಗಿ; ಭಾರತ್ ಸ್ಟೇಜ್ ಹೊಗೆ ನಿಯಮಗಳಿಗೂ ಹಿಂದಿನ ಇಂಥ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3ರೊಳಗಿರಬೇಕು. ಆ ಚೀಟಿ ಕಾನೂನಿಗೆ ಬೇಕಾದಂತೆ ನಿಮ್ಮ ಟ್ಯೂನಿಂಗಿಗೂ ಸಾಕ್ಷಿ. ಎಲ್ಲ ಮುಗಿದ ಮೇಲೆ ಮೊದಲ ಹಂತದ ಅಳತೆಗಳನ್ನು ಹಾಗೆಯೇ ಮತ್ತೆ ಮಾಡಿ. ಈ ಸಲ ಥರ್ಮೋಕಪಲ್ ಪೆಟ್ಟಿಗೆಯ ಕೊಳಕು ಗಾಳಿಯ ಕಡೆ ಇರಲಿ. ಅದು ಕಳಚಿದರೂ ಎಲಿಮೆಂಟ್ ತಡೆಯುತ್ತದೆ. ಓಡುವ ಗಾಡಿಯಲ್ಲಿ ಅಲ್ಲಿನ ಗಾಳಿ ಹೊರಗಿನದಕ್ಕಿಂತ ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರಬಾರದು. ನೀರಿನ ನಳಿಕೆಯ ಅಂತರ ಮೂಲ ಫಿಲ್ಟರಿನದಕ್ಕಿಂತ ಹೆಚ್ಚಿರಬಾರದು.

ಚಳಿಗಾಲಕ್ಕೊಂದು ಕಿಟಕಿ

ಮಡಿಕೇರಿ, ಊಟಿಯ ಕಡೆ ಡಿಸೆಂಬರಿನ ಮಂಜಿನಲ್ಲಿ ಓಡಾಡುವವರಿಗೆ ತಂಪು ಗಾಳಿಯೇ ತೊಂದರೆ ಕೊಡಬಹುದು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಹೀರಿಕೊಳ್ಳುವುದರಿಂದ, ಹೊರಗೆ ಹತ್ತು ಡಿಗ್ರಿ ಇದ್ದು ಗಾಳಿಯಲ್ಲಿ ತೇವ ತುಂಬಿದ್ದರೆ ಕಾರ್ಬುರೇಟರ್ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಹೊರಟ ಕೆಲವು ನಿಮಿಷಕ್ಕೆ ಎಂಜಿನ್ ಮಂಕಾಗಿ ನಿಲ್ಲುವುದು, ಐದು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುವುದು ಇದರ ಲಕ್ಷಣ. ಪೆಟ್ಟಿಗೆಯ ಕೊಳಕು ಗಾಳಿಯ ಕಡೆ, ಎಕ್ಸಾಸ್ಟಿಗೆ ಮುಖ ಮಾಡಿ, 40 ಮಿ.ಮೀ. ಕಿಟಕಿಯೊಂದನ್ನು ಜಾರುಮುಚ್ಚಳ ಸಮೇತ ಮೊದಲೇ ಮಾಡಿಸಿಟ್ಟರೆ, ಅಂಥ ದಿನಗಳಲ್ಲಿ ಅದನ್ನು ತೆರೆದು ಬೆಚ್ಚಗಿನ ಗಾಳಿಯನ್ನು ಬೆರೆಸಬಹುದು. ಮಾರ್ಚ್ ಬಂದಾಗ ಮುಚ್ಚಲು ಮರೆಯಬೇಡಿ. ಎಲಿಮೆಂಟನ್ನು ಪ್ರತಿ 5000 ಕಿ.ಮೀ.ಗೆ ತೆಗೆದು ನೋಡಿ. ಮಣ್ಣಿನ ರಸ್ತೆಯ ಓಡಾಟವಿದ್ದರೆ ಅದಕ್ಕೂ ಮೊದಲೇ ನೋಡಬೇಕು.

ಬಿಚ್ಚಿದ ಮೂಲ ಫಿಲ್ಟರ್ ಡಬ್ಬಿಯನ್ನು ಒರೆಸಿ, ಎಣ್ಣೆಯಲ್ಲಿ ಕೂರುವ ಬಗೆಯದಾದರೆ ಹಳೆ ಎಣ್ಣೆ ಚೆಲ್ಲಿ ಸೀಮೆಎಣ್ಣೆಯಲ್ಲಿ ತೊಳೆದು, ಒಳಮೈಗೆ ತೆಳುವಾಗಿ ಹೊಸ ಎಣ್ಣೆ ಸವರಿ. ಅದರದೇ ಬೋಲ್ಟು, ವಾಷರ್, ಕ್ಲಿಪ್ಪುಗಳನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿ ಡಬ್ಬಿಯ ಕತ್ತಿಗೆ ಕಟ್ಟಿ, ತೆಗೆದಿಟ್ಟ ಹಳೆಯ ಜೆಟ್ಟನ್ನೂ ಅದರೊಳಗೆ ಸೇರಿಸಿ, ಗಾಡಿಯ ನಂಬರ್ ಬರೆದ ಚೀಟಿ ಅಂಟಿಸಿ ಮನೆಯ ಒಣ ಜಾಗದಲ್ಲಿ ಇಡಿ.